ಸಭೆ, ಸಹವಾಸ, ಐಕ್ಯತೆ: ನಮ್ಮ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ವಿಶ್ವಾಸಿಗಳು ಮನೆ ಪ್ರಾರ್ಥನೆ ಮುಗಿಸಿ ಚಹಾ ಕುಡಿಯುವಾಗ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತಲೆಬಿಸಿಯವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ನಾನು ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಳೆದವನು. ಆ ವಾಸನೆ ಅಲ್ಲಲ್ಲಿ ಬಂದರೆ ಕಥೋಲಿಕ ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು.

## ಮೊದಲ ಪ್ರಶ್ನೆಗಳು

ನಾನು ಮನೀಯಾಗ ಬೈಬಲ್ ಓದ್ತೀನಿ, ಪ್ರಾರ್ಥನೆ ಮಾಡ್ತೀನಿ. ಚರ್ಚಿಗೆ ಹೋಗ್ಲೇಬೇಕೇನ್ರಿ?

ಮನೆಯ ಪ್ರಾರ್ಥನೆ ಬಿಡಬೇಡಿ. ಆದರೆ ಹೊಸ ಒಡಂಬಡಿಕೆ ಹೇಳುವ ಎಷ್ಟೋ ಕೆಲಸಗಳನ್ನು ಒಬ್ಬರೇ ಕೂತು ಮಾಡಲು ಆಗುವುದೇ ಇಲ್ಲ. ಒಬ್ಬರ ಭಾರ ಇನ್ನೊಬ್ಬರು ಹೊರಬೇಕು (ಗಲಾತ್ಯ 6:2). ಅಳುವವರ ಜೊತೆ ಅಳಬೇಕು, ಸಂತೋಷಪಡುವವರ ಜೊತೆ ಸಂತೋಷಪಡಬೇಕು (ರೋಮಾಪುರ 12:15). ಕಾಯಿಲೆ ಬಿದ್ದರೆ ಸಭೆಯ ಹಿರಿಯರನ್ನು ಕರೆಸಬೇಕು (ಯಾಕೋಬ 5:14). ಯಾರೂ ಗೊತ್ತಿಲ್ಲದಿದ್ದರೆ ಯಾರನ್ನು ಕರೆಸುತ್ತೀರಿ? ಕೂಡಿ ಬರುವುದನ್ನು ಬಿಡಬೇಡಿ ಎಂದು ಇಬ್ರಿಯ 10:25 ಹೇಳುವುದು ಹಾಜರಿ ಪುಸ್ತಕ ತುಂಬಿಸಲು ಅಲ್ಲ. ಅದರ ಹಿಂದಿನ ವಚನದಲ್ಲೇ ಕಾರಣ ಇದೆ: ಒಬ್ಬರನ್ನೊಬ್ಬರು ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಹುರಿದುಂಬಿಸಬೇಕು.

ಹಾಸಿಗೆ ಹಿಡಿದವರು, ವಯಸ್ಸಾದವರು, ರಾತ್ರಿ ಪಾಳಿ ಮುಗಿಸಿ ಬರುವವರ ಮಾತು ಬೇರೆ. ಅವರು ಬರಲಿಲ್ಲ ಎಂದು ದೂರುವ ಹಕ್ಕು ಸಭೆಗಿಲ್ಲ. ಸಭೆಯೇ ಅವರ ಮನೆಗೆ ಹೋಗಬೇಕು.

ಐಕ್ಯತೆ ಅಂದ್ರೆ ಎಲ್ಲಾರೂ ಒಂದೇ ತರ ಯೋಚನೆ ಮಾಡ್ಬೇಕಾ?

ಇಲ್ಲ. ಯೇಸು ಆರಿಸಿಕೊಂಡ ಹನ್ನೆರಡು ಮಂದಿಯನ್ನೇ ನೋಡಿ. ಮತ್ತಾಯ ಸುಂಕ ವಸೂಲಿ ಮಾಡುತ್ತಿದ್ದವನು. ಅಂದಿನ ಜನರ ಕಣ್ಣಿನಲ್ಲಿ ರೋಮ್ ಸರಕಾರಕ್ಕೆ ಮಾರಿಕೊಂಡವನು. ಇನ್ನೊಬ್ಬ ಸೀಮೋನ, ಮತಾಭಿಮಾನಿ ಎಂಬ ಹೆಸರೇ ಅವನಿಗೆ ಅಂಟಿಕೊಂಡಿತ್ತು. ಅಂಥವರು ಸುಂಕದವರನ್ನು ಕಂಡರೆ ಉರಿದು ಬೀಳುತ್ತಿದ್ದರು. ಇಬ್ಬರೂ ಒಂದೇ ಗುಂಪಿನಲ್ಲಿ ನಡೆದಾಡಿದರು, ಒಟ್ಟಿಗೆ ಉಂಡರು. ದಾರಿಯಲ್ಲಿ ಏನೇನು ವಾದ ಆಗಿರಬೇಕು ಊಹಿಸಿಕೊಳ್ಳಿ!

ರೋಮಾಪುರ 14ರಲ್ಲಿ ಪೌಲ ಊಟದ ವಿಷಯದಲ್ಲಿ, ವಿಶೇಷ ದಿನಗಳ ವಿಷಯದಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು ಎಂದು ಒಪ್ಪಿಕೊಳ್ಳುತ್ತಾನೆ. ಒಬ್ಬರನ್ನೊಬ್ಬರು ಹೀನಾಯ ಮಾಡಬೇಡಿ, ತೀರ್ಪು ಕೊಡಬೇಡಿ ಎನ್ನುತ್ತಾನೆ, ಅಷ್ಟೇ. ಅಭಿಪ್ರಾಯ ಬೇರೆಯಾದಾಗ ಊಟದ ಪಂಕ್ತಿಯಿಂದ ಯಾರು ಎದ್ದು ಹೋಗುತ್ತಾರೆ, ಯಾರನ್ನು ಎಬ್ಬಿಸುತ್ತಾರೆ, ಅಲ್ಲಿ ಗೊತ್ತಾಗುತ್ತದೆ ಒಂದು ಸಭೆಯ ಐಕ್ಯತೆ. ಮುಂದಿನ ಬಹಳ ಉತ್ತರಗಳು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಎರಡು ಮೂರು ಮಂದಿ ಕೂಡಿದ್ರೆ ಅಲ್ಲಿ ಇರ್ತೀನಿ ಅಂತ ಯೇಸುಸ್ವಾಮಿನೇ ಹೇಳ್ಯಾರಲ್ಲ. ನಾವು ಮನೆಯವ್ರೇ ಕೂಡಿದ್ರ ಸಾಕಲ್ವಾ?

ಮತ್ತಾಯ 18:20ನ್ನು ಹದಿನೈದನೆಯ ವಚನದಿಂದ ಓದಿಕೊಂಡು ಬನ್ನಿ. ಅಲ್ಲಿ ನಡೆಯುತ್ತಿರುವುದು ತಪ್ಪು ಮಾಡಿದ ಸಹೋದರನನ್ನು ಮರಳಿ ಗಳಿಸಿಕೊಳ್ಳುವ ಮಾತು. ಚಿಕ್ಕ ಗುಂಪಿನಲ್ಲೂ ಆತ ಇರುತ್ತಾನೆ, ನಿಜ. ದೊಡ್ಡ ಗುಂಪನ್ನು ತಪ್ಪಿಸಿಕೊಳ್ಳಲು ಕೊಟ್ಟ ರಜಾ ಚೀಟಿ ಮಾತ್ರ ಅದಲ್ಲ.

ಆದಿಸಭೆಯವ್ರು ಹೊಲ ಮನೆ ಮಾರಿ ಹಂಚ್ಕೊಂಡ್ರಂತೆ. ನಾವೂ ಮಾರ್ಬೇಕಾ?

ಅಪೊಸ್ತಲರ ಕೃತ್ಯಗಳು 2 ಮತ್ತು 4ನೇ ಅಧ್ಯಾಯದಲ್ಲಿ ಆ ವಿಷಯ ಬರುತ್ತದೆ. ಅದರ ಫಲ ಏನು ಎಂಬುದನ್ನೂ ಲೂಕ ಬರೆದಿದ್ದಾನೆ: ಅವರಲ್ಲಿ ಕೊರತೆಯಿದ್ದವರು ಯಾರೂ ಇರಲಿಲ್ಲ (4:34). ಮಾರಾಟ ದಾರಿ ಮಾತ್ರ, ಗುರಿ ಅದು. ಮಾರಲೇಬೇಕು ಎಂಬ ಕಾನೂನೂ ಇರಲಿಲ್ಲ. ಅನನೀಯನಿಗೆ ಪೇತ್ರ ಹೇಳಿದ್ದು ನೋಡಿ: ಮಾರುವ ಮೊದಲು ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೂ ದುಡ್ಡು ನಿನ್ನ ಕೈಯಲ್ಲೇ ಇತ್ತು (5:4). ಅವನ ತಪ್ಪು ಸುಳ್ಳು ಹೇಳಿದ್ದು.

ಹಾಗಾಗಿ ಯಾರಾದರೂ ಈ ಅಧ್ಯಾಯ ತೋರಿಸಿ ನಿಮ್ಮ ಹೊಲದ ಪಹಣಿ ಕೇಳಿದರೆ ಎದ್ದು ಮನೆಗೆ ಹೋಗಿ. ಬದಲಿಗೆ ನಿಮ್ಮ ಸಭೆಯಲ್ಲಿ ಈ ತಿಂಗಳು ಯಾರ ಮನೆಯಲ್ಲಿ ಅಕ್ಕಿ ಇಲ್ಲ, ಯಾರ ಮಗಳ ಕಾಲೇಜು ಫೀಸು ಬಾಕಿ ಇದೆ ಎಂದು ತಿಳಿದುಕೊಳ್ಳಿ. ಅದು ಗೊತ್ತಿಲ್ಲದ ಸಭೆ ಆದಿಸಭೆಯ ಬಗ್ಗೆ ಎಷ್ಟು ಪ್ರಸಂಗ ಕೇಳಿದರೂ ಸುಮ್ನೆ.

## ದಿನನಿತ್ಯದ ಬದುಕಿನಲ್ಲಿ

ನಾವು ಗುಳೆ ಹೋಗೋರು. ವರ್ಷದಾಗ ಅರ್ಧ ದಿನ ಊರಾಗ ಇರಂಗಿಲ್ಲ. ನಮಗ ಯಾವ ಸಭೆ?

ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಮಳೆ ಕೈಕೊಟ್ಟರೆ ಗಂಡ ಹೆಂಡತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಊರಲ್ಲಿ ಅಜ್ಜಿ, ಶಾಲೆಗೆ ಹೋಗುವ ಮಕ್ಕಳು, ಒಂದು ಎಮ್ಮೆ. ಭಾನುವಾರ ಆರಾಧನೆಗೆ ಬಂದ ಅಜ್ಜಿಗೆ ಎಲ್ಲರೂ "ಮಗ ಯಾವಾಗ ಬರ್ತಾನ?" ಎಂದು ಕೇಳುತ್ತಾರೆ. ವಾರದ ನಡುವೆ ಅವಳ ಮನೆಗೆ ಹೋಗಿ ಬಿಪಿ ಮಾತ್ರೆ ಇದೆಯಾ ಎಂದು ಕೇಳುವವರು ಕಡಿಮೆ.

ಮೊದಲಿಗೆ, ಗುಳೆ ಹೋದವರು ಎರಡನೇ ದರ್ಜೆಯ ಸಭಿಕರು ಅಲ್ಲ. ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಕಥೆ ಓದಿ. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ರೋಮ್ ಬಿಟ್ಟು ಹೋಗಿ ಎಂದಾಗ ಕೊರಿಂಥಕ್ಕೆ ಬಂದರು (ಅಪೊಸ್ತಲರ ಕೃತ್ಯಗಳು 18:2). ಗುಡಾರ ಮಾಡುವ ಕೆಲಸ. ಅಲ್ಲಿಂದ ಎಫೆಸಕ್ಕೆ, ಆಮೇಲೆ ಮತ್ತೆ ರೋಮಿಗೆ. ಎಫೆಸದಲ್ಲೂ ರೋಮಿನಲ್ಲೂ ಅವರ ಮನೆಯಲ್ಲೇ ಸಭೆ ಕೂಡುತ್ತಿತ್ತು (1 ಕೊರಿಂಥ 16:19, ರೋಮಾಪುರ 16:5). ಹೊಟ್ಟೆಪಾಡಿಗೆ ಊರೂರು ತಿರುಗಿದವರು ಹೋದಲ್ಲೆಲ್ಲ ಸಭೆಗೆ ಬಾಗಿಲು ತೆರೆದರು.

ಹೊರಡುವ ಮೊದಲು ಸಭಾಪಾಲಕರಿಂದ ಒಂದು ಪತ್ರ ಬರೆಸಿಕೊಳ್ಳಿ. ಪೌಲ ಫೊಯಿಬೆ ಎಂಬ ಸಹೋದರಿಯನ್ನು ರೋಮ್ ಸಭೆಗೆ ಪರಿಚಯಿಸಿದ್ದು ಹಾಗೆಯೇ, ಆಕೆಗೆ ಬೇಕಾದ ಸಹಾಯ ಮಾಡಿ ಎಂದು ಬರೆದು (ರೋಮಾಪುರ 16:1-2). ಬೆಂಗಳೂರಿನಲ್ಲಿ ಕನ್ನಡ ಆರಾಧನೆ ನಡೆಸುವ ಚರ್ಚುಗಳಿವೆ. ಆ ಪತ್ರ ಇದ್ದರೆ ಮೊದಲ ಭಾನುವಾರವೇ ನಿಮ್ಮ ಹೆಸರು ಹಿಡಿದು ಮಾತಾಡಿಸುತ್ತಾರೆ. ಶೆಡ್ಡಿನಲ್ಲಿ ಪಕ್ಕದವರೂ ವಿಶ್ವಾಸಿಗಳಾಗಿದ್ದರೆ ರಾತ್ರಿ ಅಡುಗೆ ಆದ ಮೇಲೆ ಒಂದು ಹಾಡು, ಒಂದು ಪ್ರಾರ್ಥನೆ. ಅದೂ ಸಭೆಯೇ.

ಊರಲ್ಲಿ ಉಳಿದ ಸಭೆಗೂ ಕೆಲಸ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ಮಗುವನ್ನು ಆ ಎರಡು ತಿಂಗಳು ಮನೆಯಲ್ಲಿ ಇಟ್ಟುಕೊಂಡು ಓದಿಸುವ ಒಂದು ಕುಟುಂಬ ಸಿಕ್ಕರೆ, ಆ ಹುಡುಗಿಯ ಶಾಲೆ ಬಿಡಿಸುವ ಪ್ರಸಂಗವೇ ಬರುವುದಿಲ್ಲ. ನಮ್ಮ ಭಾಗದ ಸಭೆಗಳು ಮಾಡಬಹುದಾದ ಸೇವೆಯಲ್ಲಿ ಇದಕ್ಕಿಂತ ದೊಡ್ಡದು ನನಗಂತೂ ಕಾಣುವುದಿಲ್ಲ.

ನಮ್ಮ ಸಭೇಲಿ ಮುಂದಿನ ಬೆಂಚು ಕೆಲವ್ರಿಗೇ. ಮದ್ವಿ ಊಟದಾಗೂ ಹಂಗೇ. ಕ್ರೈಸ್ತರಾದ ಮ್ಯಾಲೂ ಜಾತಿ ಬಿಡ್ಲಿಲ್ಲ ಯಾಕ?

ಬಾಯಲ್ಲಿ "ಕ್ರಿಸ್ತನಲ್ಲಿ ಎಲ್ಲರೂ ಒಂದೇ" ಎನ್ನುತ್ತೇವೆ. ಸಂಬಂಧ ನೋಡುವಾಗ ಮಾತ್ರ ದನಿ ತಗ್ಗಿಸಿ "ನಮ್ಮೋರಾ?" ಎಂದು ಕೇಳುತ್ತೇವೆ. ತಲೆಮಾರುಗಳಿಂದ ಬಂದದ್ದು ಒಂದು ದೀಕ್ಷಾಸ್ನಾನದ ನೀರಲ್ಲಿ ತಾನಾಗಿ ಕೊಚ್ಚಿ ಹೋಗುವುದಿಲ್ಲ. ಕೈ ಹಾಕಿ ತಿಕ್ಕಬೇಕು.

ಬೈಬಲ್ ಈ ವಿಷಯದಲ್ಲಿ ಮುಲಾಜು ನೋಡುವುದಿಲ್ಲ. ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆ ಜಾಗ, ಮಾಸಿದ ಬಟ್ಟೆಯವನಿಗೆ ನೆಲ: ಇದನ್ನು ಯಾಕೋಬ 2ನೇ ಅಧ್ಯಾಯ ಪಾಪ ಎಂದೇ ಕರೆಯುತ್ತದೆ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಹಿಂದೆ ಸರಿದ. ಪೌಲ ಅವನನ್ನು ಬದಿಗೆ ಕರೆದು ಪಿಸುಗುಟ್ಟಲಿಲ್ಲ. ಎಲ್ಲರ ಮುಂದೆಯೇ ಕೇಳಿದ (ಗಲಾತ್ಯ 2:11-14). ಪೇತ್ರ ಯಾವ ತಪ್ಪು ಬೋಧನೆಯನ್ನೂ ಮಾಡಿರಲಿಲ್ಲ, ಗಮನಿಸಿ. ತಟ್ಟೆ ಬೇರೆ ಮಾಡಿದ್ದ, ಅಷ್ಟೇ. ಅಷ್ಟಕ್ಕೇ ಪೌಲ ಅವನು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಎಂದ.

ಕೊರಿಂಥದಲ್ಲೂ ಇದೇ ಗೋಳು. ಕರ್ತನ ಭೋಜನಕ್ಕೆ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸದ ಊಟಕ್ಕೆ) ಕೂಡಿದಾಗ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ ಎಂದು ಪೌಲ ಬೈಯುತ್ತಾನೆ (1 ಕೊರಿಂಥ 11:21). ಅವನು ಕೊಡುವ ಪರಿಹಾರ ಬಹಳ ಸರಳ: ಒಬ್ಬರಿಗೊಬ್ಬರು ಕಾಯಿರಿ.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದಾಸೋಹ ನೋಡಿದವರಿಗೆ ಸಾಲಾಗಿ ಕೂತು ಉಣ್ಣುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಪಕ್ಕದಲ್ಲಿ ಕೂತವರು ಯಾರು ಎಂದು ಕೇಳದವರು ನಮ್ಮ ಸುಗ್ಗಿ ಹಬ್ಬದ ಊಟದಲ್ಲಿ ಯಾಕೆ ಕೇಳಬೇಕು? ನಿಮ್ಮ ಕೈಯಲ್ಲಿ ಏನಾಗುತ್ತದೆಯೋ ಅದರಿಂದ ಶುರು ಮಾಡಿ. ಅಡುಗೆಗೆ ನಿಲ್ಲುವವರು, ಬಡಿಸುವವರು, ಪಾತ್ರೆ ತೊಳೆಯುವವರು ಪ್ರತಿ ವರ್ಷ ಅದೇ ಮನೆಯವರಾ, ನೋಡಿ. ಬಡಿಸುವ ಕೈ ಯಾವಾಗಲೂ ಒಂದು ಓಣಿಯದು, ತೊಳೆಯುವ ಕೈ ಇನ್ನೊಂದು ಓಣಿಯದು ಆಗಿದ್ದರೆ ಅದನ್ನು ಮುಂದಿನ ಕಮಿಟಿಯಲ್ಲಿ ಹೆಸರು ಹೇಳದೆ, ಆದರೆ ಜೋರಾಗಿ ಎತ್ತಿ.

ನಮ್ಮದು ಬಳ್ಳಾರಿ. ಅರ್ಧ ಮಂದಿ ತೆಲುಗು, ಅರ್ಧ ಮಂದಿ ಕನ್ನಡ. ಹಾಡು ಯಾವ ಭಾಷೇಲಿ ಹಾಡ್ಬೇಕು ಅಂತ ಪ್ರತಿ ವಾರ ಜಗಳ.

ಬಳ್ಳಾರಿ 1953ರವರೆಗೆ ಮದರಾಸು ರಾಜ್ಯದಲ್ಲಿತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಕುಟುಂಬಗಳು ಇಲ್ಲಿ ಹೊಸದೇನಲ್ಲ.

ಭಾಷೆಯ ಮೇಲೆ ಸಭೆಯಲ್ಲಿ ಗೊಣಗಾಟ ಆದದ್ದು ಮೊದಲು ಯೆರೂಸಲೇಮಿನಲ್ಲಿ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಮೋಸ ಆಗುತ್ತಿದೆ ಎಂದು ದೂರು ಬಂತು (ಅಪೊಸ್ತಲರ ಕೃತ್ಯಗಳು 6). ಅಪೊಸ್ತಲರು "ಐಕ್ಯತೆ ಕೆಡಿಸಬೇಡಿ" ಎಂದು ಬಾಯಿ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಆರಿಸಿ ಎಂದರು. ಆರಿಸಿದ್ದು ಯಾರನ್ನು? ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಯವರ ಕೈಗೇ ಸೌಟು ಕೊಟ್ಟ ಹಾಗಾಯಿತು.

ನಿಮ್ಮಲ್ಲಿ ಕಡಿಮೆ ಇರುವವರು ಯಾರೋ ಅವರ ಕೈಗೆ ಒಂದು ತಿಂಗಳು ಹಾಡಿನ ಪಟ್ಟಿ ಕೊಟ್ಟು ನೋಡಿ. ವಾಕ್ಯ ಓದುವುದು ಎರಡೂ ಭಾಷೆಯಲ್ಲಿ ಇರಲಿ. ಪ್ರಸಂಗವನ್ನು ಸಾಲು ಸಾಲಿಗೂ ಅನುವಾದ ಮಾಡುವುದು ಬೇಡ. ಕೇಳುವವರಿಗೂ ಸುಸ್ತು, ಹೇಳುವವರಿಗೂ ಸುಸ್ತು.

ಒಬ್ರ ಮ್ಯಾಲೆ ಮನಸ್ತಾಪ ಐತಿ. ಕರ್ತನ ಭೋಜನ ತಗೋಬಹುದಾ?

ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಹೇಳಿದ್ದಾರೆ (ಮತ್ತಾಯ 5:23-24). ಅಲ್ಲಿ ಇನ್ನೊಂದು ವಿಷಯ ಇದೆ. ನಿಮಗೆ ಅವರ ಮೇಲೆ ಸಿಟ್ಟಿದ್ದರೆ ಎಂದು ಅಲ್ಲ, ಅವರಿಗೆ ನಿಮ್ಮ ಮೇಲೆ ಏನಾದರೂ ಇದ್ದರೆ ಎಂದು. ಅಂದರೆ ಹೆಜ್ಜೆ ನಿಮ್ಮದೇ.

ಮೊದಲು ಒಬ್ಬರೇ ಹೋಗಿ. ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಮೇಲೆ ಸಭೆ. ಮತ್ತಾಯ 18ರ ಕ್ರಮ ಇದು. ನಮ್ಮಲ್ಲಿ ಉಲ್ಟಾ ನಡೆಯುತ್ತದೆ: ಮೊದಲು ಇಡೀ ಊರಿಗೆ ಗೊತ್ತಾಗುತ್ತದೆ, ಕೊನೆಗೆ ಆ ಮನುಷ್ಯನಿಗೆ. ಸ್ತ್ರೀಯರ ಕೂಟದಲ್ಲೂ ಪುರುಷರ ಕೂಟದಲ್ಲೂ "ಪ್ರಾರ್ಥನಾ ವಿಷಯ" ಎಂಬ ಹೆಸರಿನಲ್ಲಿ ಚಾಡಿ ಹೇಳುವುದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಕಲೆ.

ಇಬ್ಬರ ನಡುವೆ ನೀವು ಸಿಕ್ಕಿಬಿದ್ದಿದ್ದರೆ ಫಿಲಿಪ್ಪಿ 4:2-3 ನೋಡಿ. ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಪೌಲ ಒಂದಾಗಿ ಎಂದು ಹೇಳುತ್ತಾನೆ. ಅವರಿಗೆ ನೆರವಾಗು ಎಂದು ಮೂರನೆಯವರೊಬ್ಬರನ್ನೂ ಕೇಳಿಕೊಳ್ಳುತ್ತಾನೆ. ಜಗಳದ ಕಾರಣ ಬರೆದಿಲ್ಲ. ಇಬ್ಬರೂ ತನ್ನ ಜೊತೆ ಸುವಾರ್ತೆಗಾಗಿ ದುಡಿದವರು ಎಂಬುದನ್ನು ಮಾತ್ರ ಮರೆಯದೆ ಬರೆದಿದ್ದಾನೆ.

ಸಭೆ ವಾಟ್ಸಾಪ್ ಗ್ರೂಪಲ್ಲಿ ದಿನಾ ಕಿರಿಕಿರಿ. ಬಿಟ್ಟು ಬರ್ಲಾ?

ಬಿಡಿ. ಆದರೆ ಕಾಯಿಲೆ, ಸಾವು, ಕೂಟದ ಸಮಯದ ಸುದ್ದಿ ನಿಮಗೆ ಫೋನಿನಲ್ಲಿ ತಿಳಿಸುವಂತೆ ಒಬ್ಬರಿಗೆ ಹೇಳಿಟ್ಟು ಬಿಡಿ.

ಪಕ್ಕದ ಮನಿಯವ್ರು ಪ್ರಸಾದ ಕೊಡ್ತಾರ. ತಗೊಂಡ್ರ ಸಭೆಯವ್ರು ಬೈತಾರ, ತಗೊಳ್ಳದಿದ್ರ ಅವ್ರಿಗೆ ಬೇಜಾರು.

ಪೌಲನಿಗೂ ಇದೇ ಪ್ರಶ್ನೆ ಬಂದಿತ್ತು. 1 ಕೊರಿಂಥ 8 ಮತ್ತು 10ನೇ ಅಧ್ಯಾಯ ಪೂರ್ತಿ ಅದೇ. ವಿಗ್ರಹಾರಾಧನೆಯಲ್ಲಿ ಪಾಲುಗಾರರಾಗಬೇಡಿ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಏನು ಎತ್ತ ಎಂದು ವಿಚಾರಿಸದೆ ಉಣ್ಣಿ ಎನ್ನುತ್ತಾನೆ. ಇದು ನೈವೇದ್ಯದ್ದು ಎಂದು ಯಾರಾದರೂ ಹೇಳಿದರೆ ಮಾತ್ರ ಅವರ ಮನಸ್ಸಾಕ್ಷಿಯ ಸಲುವಾಗಿ ಬಿಡಿ ಎನ್ನುತ್ತಾನೆ. ಸಭೆಗಳು ಇದನ್ನು ಬೇರೆ ಬೇರೆ ರೀತಿ ಅನ್ವಯಿಸುತ್ತವೆ. ನೀವು ತಗೊಳ್ಳದಿದ್ದರೂ ಕೈ ಮುಗಿದು, ನಗುನಗುತ್ತಾ ಹೇಳುವುದಕ್ಕೂ ಮುಖ ಸಿಂಡರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ?

ಮುದಗಲ್ಲಿನ ಮೊಹರಂನಲ್ಲಿ ಹಿಂದೂಗಳೂ ಸೇರಿಕೊಳ್ಳುವುದು ನಮ್ಮ ಭಾಗದವರಿಗೆಲ್ಲ ಗೊತ್ತು. ಅಂಥ ನೆಲದಲ್ಲಿ ಬದುಕುವವರು ನಾವು. ಕ್ರಿಸ್‌ಮಸ್ ದಿನ ಪಕ್ಕದ ಮನೆಗೆ ಕರ್ಜಿಕಾಯಿ ಡಬ್ಬಿ ಹೋಗಲಿ. ಅವರ ಮನೆಯಲ್ಲಿ ಸಾವಾದರೆ ಎಲ್ಲರಿಗಿಂತ ಮುಂಚೆ ನೀವು ಹೋಗಿ. ಎಲ್ಲರಿಗೂ ಒಳ್ಳೆಯದು ಮಾಡಿ ಎಂದು ಗಲಾತ್ಯ 6:10 ಹೇಳುವಾಗ ಸಭೆಯ ಕಾಂಪೌಂಡ್ ಗೋಡೆಗೆ ನಿಲ್ಲಿಸುವುದಿಲ್ಲ.

## ಸಭೆ ಸಭೆಗಳ ನಡುವೆ

ಕ್ರಿಸ್ತ ಒಬ್ಬರೇ ಅಂದ್ಮೇಲೆ ಇಷ್ಟೊಂದು ಚರ್ಚು ಯಾಕೆ? ನಮ್ಮ ಮಾವನ ಮನಿ ರಾಯಚೂರಾಗ ಮೆಥಡಿಸ್ಟ್, ನಮ್ಮದು ಬಳ್ಳಾರ್ಯಾಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ).

ಇದರಲ್ಲಿ ಅರ್ಧ ಸಿದ್ಧಾಂತ, ಅರ್ಧ ಭೂಗೋಳ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡಕ್ಕೆ ಬೈಬಲ್ ತರುವ ಕೆಲಸ ಇಲ್ಲೇ ಶುರುವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಬಳ್ಳಾರಿ ಆಗ ಬ್ರಿಟಿಷರ ಕೈಯಲ್ಲಿತ್ತು. ರಾಯಚೂರು ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಅಲ್ಲಿ ಕೆಲಸ ಮಾಡಿದವರು ಅಮೆರಿಕದ ಮೆಥಡಿಸ್ಟರು. ಮುದಗಲ್ಲಿನ ಕಥೋಲಿಕ ಸಮುದಾಯ ಇವರೆಲ್ಲರಿಗಿಂತ ಹಳೆಯದು, ಬಿಜಾಪುರದ ಆದಿಲ್‌ಶಾಹಿಗಳ ಕಾಲದ್ದು. ಮಿಷನ್‌ಗಳು ಸೀಮೆ ಹಂಚಿಕೊಂಡು ಕೆಲಸ ಮಾಡುತ್ತಿದ್ದವು. ಹಾಗಾಗಿ ನಿಮ್ಮ ಮುತ್ತಜ್ಜ ಯಾವ ಊರಲ್ಲಿದ್ದ ಎಂಬುದರ ಮೇಲೆ ನೀವು ಯಾವ ಸಭೆ ಎಂಬುದು ನಿಂತಿತು. ಆತ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರನ ಪುಸ್ತಕವನ್ನೂ ಓದಿರಲಿಲ್ಲ, ಮೆಥಡಿಸ್ಟರ ಮೂಲಪುರುಷ ವೆಸ್ಲಿಯ ಪುಸ್ತಕವನ್ನೂ ಓದಿರಲಿಲ್ಲ!

ಪೆಂಟೆಕೋಸ್ಟಲ್ ಮತ್ತು ಸ್ವತಂತ್ರ ಸಭೆಗಳ ಕಥೆ ಬೇರೆ. ಅವು ಹಂಚಿಕೆಯ ಲೆಕ್ಕಕ್ಕೆ ಸೇರದೆ ಬೆಳೆದವು. ಕೆಲವು ಹೊಸ ಉತ್ಸಾಹದಿಂದ ಹುಟ್ಟಿದವು, ಕೆಲವು ಹಳೇ ಜಗಳದಿಂದ. ಯಾವುದು ಯಾವುದರಿಂದ ಎಂದು ಆ ಊರಿನವರಿಗೇ ಗೊತ್ತು.

ಬೇರೆ ಬೇರೆ ಸಭೆಗಳು ನಿಜವಾಗ್ಲೂ ಒಂದಾಗಿದ್ದು ಎಲ್ಲಾದ್ರೂ ಐತಾ, ಅಥವಾ ಬರೀ ಭಾಷಣನಾ?

ಇದೆ, ನಮ್ಮ ದಕ್ಷಿಣ ಭಾರತದಲ್ಲೇ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೆಲವು ಸಭಾಪಾಲಕರು ಕೂಡಿ, ನಮ್ಮನ್ನು ಬೇರೆ ಮಾಡಿದ್ದು ಪಶ್ಚಿಮದ ಜಗಳಗಳು, ಅವು ನಮ್ಮದಲ್ಲ ಎಂದು ಮಾತು ಶುರು ಮಾಡಿದರು. ಮುಂದಾಳುಗಳಲ್ಲಿ ಒಬ್ಬರು ವೇದನಾಯಗಂ ಸ್ಯಾಮುವೆಲ್ ಅಜರಯ್ಯ, 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆದವರು, ಭಾರತೀಯರಲ್ಲಿ ಮೊದಲ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯ) ಬಿಷಪ್. 1910ರಲ್ಲಿ ಎಡಿನ್‌ಬರೋದ ದೊಡ್ಡ ಮಿಷನರಿ ಸಮ್ಮೇಳನದಲ್ಲಿ ಅವರು ಬಿಳಿಯರ ಮುಂದೆ ನಿಂತು, ನೀವು ಆಸ್ತಿ ಕೊಟ್ಟಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ನಮಗೆ ಸ್ನೇಹಿತರನ್ನು ಕೊಡಿ ಎಂಬ ಅರ್ಥದ ಮಾತಾಡಿದ್ದರು. ಕೇಳಿದವರಲ್ಲಿ ಕೆಲವರಿಗೆ ಅದು ಚುಚ್ಚಿತು.

ಬಿಷಪ್ ಬೇಕೋ ಬೇಡವೋ, ಹಿಂದಿನ ಪಾಲಕರ ದೀಕ್ಷೆ ನಡೆಯುತ್ತದೋ ಇಲ್ಲವೋ ಎಂಬುದೇ ದೊಡ್ಡ ಗಂಟು. ಬಿಡಿಸಲು 28 ವರ್ಷ ಹಿಡಿಯಿತು. ಅಜರಯ್ಯನವರು 1945ರಲ್ಲಿ ತೀರಿಕೊಂಡರು, ಕೊನೆಯನ್ನು ನೋಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನರು, ಬ್ರಿಟಿಷ್ ಮೂಲದ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದ ದಕ್ಷಿಣ ಭಾರತ ಐಕ್ಯ ಸಭೆ ಸೇರಿ ಸಿ.ಎಸ್.ಐ. ಆಯಿತು. ಎಲ್ಲರೂ ಬರಲಿಲ್ಲ. ನಮ್ಮ ಪಕ್ಕದ ನಂದ್ಯಾಲದ ಕಡೆ ಆಂಗ್ಲಿಕನರಲ್ಲಿ ಕೆಲವರು ವರ್ಷಗಟ್ಟಲೆ ಹೊರಗೇ ಉಳಿದರು. ರಾಯಚೂರಿನ ಮೆಥಡಿಸ್ಟರು ಅಮೆರಿಕದ ಮೂಲದವರು, ಅವರೂ ಸೇರಲಿಲ್ಲ. ನಿಮ್ಮ ಮಾವನ ಮನೆಯ ಬೋರ್ಡು ಬೇರೆ ಇರುವುದು ಅದಕ್ಕೇ.

ಕಥೋಲಿಕರ ಜೊತೆ ನಾವು ಏನು ಮಾಡ್ಬಹುದು, ಏನು ಮಾಡ್ಬಾರ್ದು?

ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯ 1949ರಲ್ಲಿ ಆದದ್ದು. ಕೊಪ್ಪಳ, ರಾಯಚೂರು ಜಿಲ್ಲೆಗಳೂ ಅದರಲ್ಲೇ ಇವೆ. ಹಾಗಾಗಿ ಮೂರೂ ಜಿಲ್ಲೆಯವರಿಗೆ ಈ ಪ್ರಶ್ನೆ ಒಂದೇ.

ಒಟ್ಟಿಗೆ ಪ್ರಾರ್ಥನೆ ಮಾಡಬಹುದು. ಕಥೋಲಿಕ ಬಿಷಪರೆಲ್ಲ ಕೂಡಿದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಐಕ್ಯತೆಯ ಬಗ್ಗೆ ಹೊರಡಿಸಿದ ಆದೇಶದಲ್ಲಿ ಇತರ ಕ್ರೈಸ್ತರನ್ನು ಸಹೋದರರೆಂದೇ ಕರೆಯಿತು. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥನಾ ವಾರ ನಡೆಯುತ್ತದೆ, 1908ರಿಂದ ಬಂದ ಪದ್ಧತಿ. ತ್ರಯೈಕ ದೇವರ (ತಂದೆ, ಮಗ, ಪವಿತ್ರಾತ್ಮ) ಹೆಸರಲ್ಲಿ ಸರಿಯಾಗಿ ಆದ ದೀಕ್ಷಾಸ್ನಾನವನ್ನು ಕಥೋಲಿಕರು ಮತ್ತೆ ಮಾಡಿಸುವುದಿಲ್ಲ. ನೀತಿವಂತರಾಗುವುದು ಹೇಗೆ ಎಂಬ ಹಳೇ ವಾದದ ಮೇಲೂ 1999ರಲ್ಲಿ ಕಥೋಲಿಕರು ಮತ್ತು ಲೂಥರನ್ನರು ಜಂಟಿ ಘೋಷಣೆಗೆ ಸಹಿ ಹಾಕಿದರು.

ಪರಮಪ್ರಸಾದ, ಅಂದರೆ ಕಥೋಲಿಕರ ಕರ್ತನ ಭೋಜನ, ಮಾತ್ರ ಬೇರೆ. ಬಲಿಪೂಜೆಗೆ ಹೋಗಿ ಕೂರಬಹುದು, ಪ್ರಸಾದಕ್ಕೆ ಸಾಲಲ್ಲಿ ನಿಲ್ಲಬೇಡಿ. ಅದು ನಿಮ್ಮನ್ನು ಕೀಳು ಮಾಡುವುದಲ್ಲ. ಪೂರ್ತಿ ಒಂದಾಗದೆ ಒಂದಾದಂತೆ ತೋರಿಸಿಕೊಳ್ಳುವುದು ಬೇಡ ಎಂಬುದು ಅವರ ನಿಲುವು. ನನಗೆ ಅದು ನೋವಾಗುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೂ ಸುಳ್ಳು ಐಕ್ಯತೆಗಿಂತ ಈ ಪ್ರಾಮಾಣಿಕ ನೋವೇ ವಾಸಿ.

ಹುಡುಗ ಪೆಂಟೆಕೋಸ್ಟಲ್, ಹುಡುಗಿ ಕಥೋಲಿಕ. ಎರಡೂ ಮನಿ ಒಪ್ಪ್ಯಾವು. ಚರ್ಚುಗಳು ಒಪ್ತಾವಾ?

ಹುಡುಗಿಯ ಕಡೆ ಬಿಷಪರ ಅನುಮತಿ ಬೇಕು. ಅದನ್ನು ಧರ್ಮಕೇಂದ್ರದ ಫಾದರ್ ಮೂಲಕ ಕೇಳಬೇಕು. ಮಕ್ಕಳ ದೀಕ್ಷಾಸ್ನಾನ, ಶಿಕ್ಷಣದ ಬಗ್ಗೆ ಕಥೋಲಿಕ ಸಂಗಾತಿಯಿಂದ ಮಾತು ತಗೊಳ್ಳುತ್ತಾರೆ. ಹುಡುಗನಿಗೆ ಅದನ್ನು ತಿಳಿಸುತ್ತಾರೆ. ಪೆಂಟೆಕೋಸ್ಟಲ್ ಸಭೆಗಳಲ್ಲಿ ಒಂದೊಂದರದು ಒಂದೊಂದು ನಿಯಮ. ಲಗ್ನಪತ್ರಿಕೆ ಪ್ರಿಂಟಿಗೆ ಕೊಡುವ ಮೊದಲು ಫಾದರ್, ಪಾಲಕರು ಇಬ್ಬರನ್ನೂ ಹೋಗಿ ಕಾಣಿ. ಮಂಟಪ ಬುಕ್ ಮಾಡಿ ಆಮೇಲೆ ಕೇಳಿದರೆ ಜಗಳ ಗ್ಯಾರಂಟಿ.

ನಾವು ಹೊಸ ಸಭೆ. ಯಾರಾದ್ರೂ ತೀರ್ಕೊಂಡ್ರ ಮಣ್ಣು ಮಾಡಾಕ ಜಾಗ ಇಲ್ಲ. ಹಳೇ ಚರ್ಚಿನವ್ರು ಕೊಡಂಗಿಲ್ಲ.

ಈ ಪ್ರಶ್ನೆ ಬರುವುದು ಯಾವಾಗಲೂ ಹೆಣ ಮನೆಯಲ್ಲಿಟ್ಟುಕೊಂಡೇ. ಅದಕ್ಕೇ ಹೇಳುವುದು, ಎಲ್ಲರೂ ಗಟ್ಟಿಮುಟ್ಟಾಗಿರುವಾಗ ಮಾತಾಡಿ. ಹಳೇ ಸಭೆಯ ಕಮಿಟಿಗೆ ಅವರದೇ ನಿಯಮಗಳಿರುತ್ತವೆ, ಜಾಗದ ಕೊರತೆಯೂ ಇರುತ್ತದೆ. ಊರಿನ ನಾಲ್ಕೈದು ಸಭೆಗಳು ಸೇರಿ ತಹಶೀಲ್ದಾರ್ ಕಚೇರಿಗೆ ಸ್ಮಶಾನದ ಜಾಗಕ್ಕೆ ಒಂದೇ ಅರ್ಜಿ ಕೊಟ್ಟರೆ ಬೇರೆ ಬೇರೆ ಕೊಟ್ಟದ್ದಕ್ಕಿಂತ ತೂಕ ಜಾಸ್ತಿ. ಸಭೆ ಬಿಟ್ಟು ಹೋದ ಸಿಟ್ಟನ್ನು ಹೆಣದ ಮೇಲೆ ತೀರಿಸಿಕೊಳ್ಳುವವರಿಗೆ ಹೇಳಲು ನನ್ನ ಹತ್ತಿರ ಮೃದುವಾದ ಮಾತು ಯಾವುದೂ ಇಲ್ಲ.

## ಕಷ್ಟದ ಪ್ರಶ್ನೆಗಳು

ನಮ್ಮ ಸಭೆ ಎರಡಾಯ್ತು. ಪೌಲ ಬಾರ್ನಬರೂ ಬೇರೆ ಆದ್ರಲ್ಲ, ಇದೂ ದೇವರ ಚಿತ್ತನಾ?

ಮಾರ್ಕನನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಎಂದು ಅವರಿಬ್ಬರಿಗೂ ತೀಕ್ಷ್ಣ ವಾಗ್ವಾದ ಆಗಿ ಬೇರೆ ಬೇರೆ ದಾರಿ ಹಿಡಿದರು (ಅಪೊಸ್ತಲರ ಕೃತ್ಯಗಳು 15:36-40). ಅದು ದೇವರ ಚಿತ್ತವಾಗಿತ್ತು ಎಂದು ಲೂಕ ಬರೆದಿಲ್ಲ. ಬೇರೆಯಾದ ಮೇಲೆ ಪೌಲ ಬಾರ್ನಬನ ವಿರುದ್ಧ ಸಭೆ ಕಟ್ಟಲಿಲ್ಲ. ಮುಂದೆ ಮಾರ್ಕನನ್ನೇ ಕರೆದುಕೊಂಡು ಬಾ, ಅವನು ನನಗೆ ಬೇಕಾದವನು ಎಂದು ಬರೆಯುತ್ತಾನೆ (2 ತಿಮೊಥೆಯ 4:11). ನಿಮ್ಮ ಎರಡು ಸಭೆಗಳಲ್ಲಿ ಯಾರಾದರೂ ಹಾಗೆ ಬರೆಯುವ ಸ್ಥಿತಿಯಲ್ಲಿದ್ದಾರಾ?

ಒಡೆದದ್ದು ಬೋಧನೆಗಾಗಿಯೋ, ಜಾಗದ ಪತ್ರಕ್ಕಾಗಿಯೋ ಎಂಬುದನ್ನು ಮುಚ್ಚುಮರೆ ಇಲ್ಲದೆ ಒಪ್ಪಿಕೊಳ್ಳಿ. ಕ್ರಿಸ್ತನ ವಿಷಯವಾದ ಸತ್ಯವನ್ನೇ ಅಲ್ಲಗಳೆದರೆ ಬೇರೆ ಆಗುವುದು ಅನಿವಾರ್ಯ. ಆದರೆ ನಾನು ಕೇಳಿದ ಒಡಕುಗಳಲ್ಲಿ ಬಹಳಷ್ಟು ಮೈಕು, ಕಮಿಟಿ ಚುನಾವಣೆ, ಕಾಣಿಕೆ ಲೆಕ್ಕದ ಸುತ್ತಲೇ. ಕೋರ್ಟಿಗೆ ಹೋಗಿದ್ದರೆ 1 ಕೊರಿಂಥ 6:7 ಓದಿ. ಅನ್ಯಾಯವನ್ನೇ ಯಾಕೆ ಸಹಿಸಿಕೊಳ್ಳಬಾರದು ಎಂದು ಪೌಲ ಅಲ್ಲಿ ಕೇಳುವುದು ಆಸ್ತಿಪಾಸ್ತಿಯಂಥ ವ್ಯಾಜ್ಯಗಳ ಬಗ್ಗೆ. ಅಪರಾಧಗಳ ಬಗ್ಗೆ ಅಲ್ಲ.

ನಾನು ಲೆಕ್ಕ ಕೇಳಿದ್ರೆ 'ಐಕ್ಯತೆ ಕೆಡಿಸ್ಬೇಡ ಸಿಸ್ಟರ್' ಅಂತಾರೆ. ಸುಮ್ನಿರ್ಲಾ?

ಸುಮ್ಮನಿರಬೇಡಿ. ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣವನ್ನು ಪೌಲ ಒಬ್ಬನೇ ಹೊತ್ತೊಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದ (2 ಕೊರಿಂಥ 8:19-21). ಅಪೊಸ್ತಲನಿಗೇ ಸಾಕ್ಷಿಗಳು ಬೇಕಿದ್ದರೆ ನಮ್ಮ ಖಜಾಂಚಿಗೆ ಬೇಡವಾ? ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ವರ್ಷದ ಜಮಾಖರ್ಚು ಎಲ್ಲರ ಮುಂದೆ ಓದಲಿ ಎಂದು ಲಿಖಿತವಾಗಿ ಕೇಳಿ. ಹಿರಿಯರ ಮೇಲೆ ದೂರು ಬಂದರೆ ಎರಡು ಮೂರು ಸಾಕ್ಷಿಗಳ ಮೇಲೆ ತಗೊಳ್ಳಬೇಕು, ತಪ್ಪು ನಿಜವಾದರೆ ಎಲ್ಲರ ಮುಂದೆ ಗದರಿಸಬೇಕು ಎಂಬ ಕ್ರಮವೂ ಇದೆ (1 ತಿಮೊಥೆಯ 5:19-20).

ಹಣಕ್ಕಿಂತ ದೊಡ್ಡ ವಿಷಯ ಇದ್ದರೆ, ಅಂದರೆ ಹೆಂಗಸರ ಮೇಲೆ ಕೈ ಮಾಡಿದ್ದರೆ, ಮಕ್ಕಳಿಗೆ ಲೈಂಗಿಕ ಕಿರುಕುಳ ಆಗಿದ್ದರೆ, ಅದು ಸಭೆಯೊಳಗೆ ರಾಜಿ ಮಾಡುವ ವಿಷಯ ಅಲ್ಲವೇ ಅಲ್ಲ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. "ಸಭೆಯ ಮರ್ಯಾದೆ" ಎಂಬ ಮಾತು ಬಂದ ಕೂಡಲೇ ಫೋನ್ ಕೈಗೆತ್ತಿಕೊಳ್ಳಿ.

ಜಗಳ ಮಾಡಿ ಬಿಟ್ಟು ಹೋದೋರು ಈಗ ವಾಪಸ್ ಬರ್ತೀವಿ ಅಂತಾರ. ಹಂಗೇ ಸೇರಿಸ್ಕೋಬೇಕಾ?

ಕೊರಿಂಥದ ಸಭೆ ಒಬ್ಬನಿಗೆ ಶಿಸ್ತು ಮಾಡಿತ್ತು. ಪೌಲ ಆಮೇಲೆ ಬರೆದದ್ದು: ಅಷ್ಟು ಸಾಕು, ಈಗ ಕ್ಷಮಿಸಿ, ಸಮಾಧಾನ ಮಾಡಿ, ಇಲ್ಲದಿದ್ದರೆ ಅವನು ಅತಿಯಾದ ದುಃಖದಲ್ಲಿ ಮುಳುಗಿ ಹೋದಾನು (2 ಕೊರಿಂಥ 2:6-8). ಬಾಗಿಲಲ್ಲೇ ನಿಲ್ಲಿಸಿ ಹಳೇ ಲೆಕ್ಕ ಓದಬೇಡಿ. ಆರಾಧನೆಗೆ, ಊಟಕ್ಕೆ, ಮನೆ ಪ್ರಾರ್ಥನೆಗೆ ಮೊದಲ ದಿನದಿಂದಲೇ ಬರಲಿ.

ಕಮಿಟಿ, ಖಜಾನೆ, ಪ್ರಸಂಗಪೀಠ ಬೇರೆ ಮಾತು. ಅದಕ್ಕೆ ಒಂದಿಷ್ಟು ಕಾಲ ಹೋಗಲಿ. ಅವರ ಜಗಳದಲ್ಲಿ ನೊಂದವರು ಯಾರೋ ಅವರನ್ನು ಮೊದಲು ಕೇಳಿ. ಆ ನೊಂದವರು ಇನ್ನೂ ತಯಾರಿಲ್ಲ ಎಂದರೆ ಅವರಿಗೆ ವಚನ ಹೇಳಿ ಒತ್ತಾಯ ಮಾಡಬೇಡಿ. ಬಂದವರು ತಾವೇ ಅವರ ಮನೆಗೆ ಹೋಗಿ ಮಾತಾಡಲಿ, ಪಾಲಕರು ಜೊತೆಗೆ ಹೋಗಲಿ. ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ. ಎರಡನೇ ಸಲ ಹೋಗುವಾಗ ಹಿಂದಿನ ಸಲ ಕುಡಿಯದೆ ಬಿಟ್ಟು ಬಂದ ಚಹಾ ಕುಡಿದು ಬರಲಿ.